ಬಂದಿಲ್ಲ ಅಂದ್ರ, ಎಲ್ಲಿತನಕ ಬಂದಿಲ್ಲ?

ತಮ್ಮಾ, ತಂಗೀ,

"ಯುವನಿಧಿ ರೊಕ್ಕ ಬಂದಿಲ್ರಿ ಅಜ್ಜಾರ" ಅಂತ ನಮ್ಮ ಕೊಪ್ಪಳ ಜಿಲ್ಲೆಯ ಬೇವೂರಿನ ಹುಡುಗರು ಬಂದಾಗಲೆಲ್ಲ ನಾನು ಹಾಕುವ ಮರುಪ್ರಶ್ನೆ ಒಂದೇ: "ಬಂದಿಲ್ಲ ಅಂದ್ರ, ಎಲ್ಲಿತನಕ ಬಂದಿಲ್ಲ?" ಹುಡುಗರು ಒಬ್ಬರ ಮುಖ ಒಬ್ಬರು ನೋಡ್ತಾರೆ. ರೊಕ್ಕ ಎಲ್ಲಿಂದ ಹೊರಡ್ತದೆ, ಯಾವ್ಯಾವ ಕಡೆ ನಿಂತು ಬರ್ತದೆ ಅನ್ನೋದು ಅವರಿಗೆ ಯಾರೂ ಹೇಳಿರೋದಿಲ್ಲ. ಹೇಳದೆ ಇದ್ದಮೇಲೆ ಎರಡೇ ದಾರಿ ಉಳೀತಾವೆ. ಸರ್ಕಾರವನ್ನು ಬೈಯೋದು, ಇಲ್ಲವೇ ತನ್ನ ಹಣೆಬರಹವನ್ನು ಬೈಯೋದು. ಎರಡರಿಂದಲೂ ಖಾತೆಗೆ ಒಂದು ರೂಪಾಯಿ ಜಮಾ ಆಗೋದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನನ್ನು ನೋಡಿದ್ದೀರಾ? ತನ್ನ ಹೊಲಕ್ಕೆ ನೀರು ಬಾರದಿದ್ದರೆ ಅವನು ಬದುವಿನ ಮೇಲೆ ಕೂತು ಅಳೋದಿಲ್ಲ. ಕಾಲುವೆ ಗುಂಟ ಮೇಲಕ್ಕೆ ನಡೀತಾನೆ. ಯಾವ ತೂಬಿನಲ್ಲಿ ನೀರು ನಿಂತಿದೆ, ಯಾರು ಕಲ್ಲು ಅಡ್ಡ ಇಟ್ಟಿದ್ದಾರೆ, ಮೇಲಿನಿಂದಲೇ ಬಿಟ್ಟಿಲ್ಲವೋ ಅಂತ ಕಣ್ಣಾರೆ ಕಂಡು, ಆಮೇಲೆ ಯಾರ ಹತ್ತಿರ ಜಗಳ ಆಡಬೇಕೋ ಅವರ ಹತ್ತಿರ ಆಡ್ತಾನೆ. ನೀವೂ ಹಾಗೇ ಮಾಡಬೇಕು. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತಿಯಾದವನು. ಕೌಂಟರಿನ ಆ ಕಡೆ ಕೂತು ಕಲಿತದ್ದನ್ನು ಈ ಕಡೆ ನಿಂತವರಿಗೆ ಹೇಳಿಬಿಡಬೇಕು ಅನ್ನೋ ಆಸೆಯಿಂದ ಇದನ್ನು ಬರೀತಿದ್ದೇನೆ.

ಮೊದಲು ಯುವನಿಧಿ ಅನ್ನೋ ಈ ನಿರುದ್ಯೋಗ ಭತ್ಯೆಯ ಯೋಜನೆ ಏನು ಅನ್ನೋದು ಸ್ಪಷ್ಟ ಇರಲಿ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಮೊದಲ ಕಂತು ಬಿಡುಗಡೆಯಾಯಿತು. ಪದವಿ ಪಾಸಾದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಹೆಚ್ಚೆಂದರೆ ಎರಡು ವರ್ಷ, ಅಷ್ಟರೊಳಗೆ ಕೆಲಸ ಸಿಕ್ಕರೆ ಅಲ್ಲಿತನಕ ಮಾತ್ರ. 2022-23ರ ಸಾಲಿನಲ್ಲಿ ಪಾಸಾದವರಿಂದ ಶುರುವಾಗಿ ನಂತರದ ಸಾಲಿನವರಿಗೂ ಮುಂದುವರಿಯಿತು. ನಡೆಸುವುದು ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ. ಅರ್ಜಿ ಹೋಗುವುದು ಸೇವಾ ಸಿಂಧು ಪೋರ್ಟಲ್ ಮೂಲಕ. ಗ್ರಾಮ ಒನ್ ಕೇಂದ್ರದಲ್ಲೂ ಹಾಕಬಹುದು.

ಇನ್ನು ಅರ್ಹತೆ. ಇಲ್ಲಿ ನನ್ನದೊಂದು ಹಠ ಇದೆ. ಕಚೇರಿ ನಿನ್ನ ಅರ್ಹತೆ ನೋಡುವ ಮೊದಲು ನೀನೇ ನೋಡಿಕೊಳ್ಳಬೇಕು, ಅದೂ ನಿನಗೆ ವಿರುದ್ಧವಾದ ವಕೀಲನ ಕಣ್ಣಿನಿಂದ. ಫಲಿತಾಂಶ ಬಂದ ದಿನದಿಂದ 180 ದಿನ ಕಳೆದಿರಬೇಕು, ಆ ದಿನಗಳಲ್ಲಿ ಕೆಲಸ ಸಿಕ್ಕಿರಬಾರದು. ಪರೀಕ್ಷೆ ಬರೆದ ದಿನದಿಂದ ಎಣಿಸಿ ಕೂಡಬೇಡ. ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿ ನೆಲೆಸಿದವರು ಆಗಿರಬೇಕು. ಬೇವೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ತೊಡಕಲ್ಲ. ಆದರೆ ಅಪ್ಪ ಅವ್ವ ಗುಳೆ ಹೋದಾಗ ಜೊತೆಗೆ ಹೋಗಿ ಗೋವಾದಲ್ಲೋ ಪುಣೆಯಲ್ಲೋ ಶಾಲೆ ಕಲಿತವರು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳನ್ನು ಮುಂದಿಟ್ಟುಕೊಂಡು ವರ್ಷ ಲೆಕ್ಕ ಹಾಕಬೇಕು.

ಯಾರಿಗೆ ಇಲ್ಲ ಅನ್ನೋದೂ ಸರ್ಕಾರದ ಆದೇಶದಲ್ಲೇ ಇದೆ. ಮುಂದೆ ಓದಲು ಸೇರಿದವರಿಗೆ ಇಲ್ಲ, ಎಂ.ಎ., ಬಿ.ಇಡಿ. ಸೇರಿದ ದಿನ ನೀನು ವಿದ್ಯಾರ್ಥಿ, ನಿರುದ್ಯೋಗಿ ಅಲ್ಲ. ಅಪ್ರೆಂಟಿಸ್ ಆಗಿ ವೇತನ ಪಡೆಯುವವರಿಗೆ ಇಲ್ಲ. ಗಿಣಿಗೇರಾ ಕಡೆಯ ಕಾರ್ಖಾನೆಗಳಿಗೆ ತರಬೇತಿಗೆ ಹೋಗುವ ಡಿಪ್ಲೊಮಾ ಹುಡುಗರು ಇದನ್ನು ಮರೀತಾರೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ಕೆಲಸದಲ್ಲಿ ಇರುವವರಿಗೆ ಇಲ್ಲ. ಸರ್ಕಾರದ ಯೋಜನೆಯಿಂದಲೋ ಬ್ಯಾಂಕಿನಿಂದಲೋ ಸಾಲ ತೆಗೆದು ಸ್ವಂತ ಉದ್ಯೋಗ ಹಿಡಿದವರಿಗೂ ಇಲ್ಲ.

ಇವುಗಳ ನಡುವೆ ಕೆಲವು ಪ್ರಶ್ನೆ ಅಡ್ಡಗೋಡೆ ಮೇಲೆ ಕೂತಿರ್ತಾವೆ. "ಅಪ್ಪನ ಹೊಲದಾಗ ಕಡ್ಲಿ ಕೀಳಾಕ ಹೋಗ್ತೀನ್ರಿ, ಅದು ಉದ್ಯೋಗ ಆಗ್ತದೇನ್ರಿ?" "ಸಂಜೆ ನಾಲ್ಕು ಹುಡುಗರಿಗೆ ಮನಿಪಾಠ ಹೇಳ್ತೀನ್ರಿ?" "ಸುಗ್ಗಿಯಾಗ ಹದಿನೈದು ದಿನ ಅಕ್ಕಿ ಗಿರಣಿಗೆ ಹೋಗಿದ್ನಿರಿ?" ಇಂಥದಕ್ಕೆ ನಾನು ಉತ್ತರ ಕೊಡೋದಿಲ್ಲ, ಪಕ್ಕದ ಮನೆ ಕಾಕಾನೂ ಕೊಡಬಾರದು, ಗ್ರಾಮ ಒನ್‌ನ ಹುಡುಗನೂ ಕೊಡಬಾರದು. ಕೊಪ್ಪಳದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಇದ್ದದ್ದನ್ನು ಇದ್ದಂಗೆ ಬರೆದು ಕೇಳು: "ನನ್ನ ಪರಿಸ್ಥಿತಿ ಹೀಗಿದೆ. ನಾನು ಅರ್ಹನೋ ಅಲ್ಲವೋ ಲಿಖಿತವಾಗಿ ತಿಳಿಸಿ." ಮೊದಲೇ ಕೇಳಿ ಬರೆಸಿಕೊಂಡವನ ಮೇಲೆ ನಾಳೆ ಯಾರೂ ಮುಚ್ಚಿಟ್ಟ ಆರೋಪ ಹೊರಿಸಲಾರರು.

ಅರ್ಹತೆ ಇದೆ ಅಂತ ಗಟ್ಟಿಯಾಯಿತು. ಆದರೂ ರೊಕ್ಕ ಬಂದಿಲ್ಲ. ಈಗ ಒಂದೊಂದೇ ತೂಬು ನೋಡುತ್ತ ಬರೋಣ.

ಮೊದಲನೆಯದು ವಿಶ್ವವಿದ್ಯಾಲಯ. ನಿನ್ನ ಪದವಿ ಪ್ರಮಾಣಪತ್ರ ನಿನ್ನ ಟ್ರಂಕಿನಲ್ಲಿ ಇದ್ದರೆ ಸಾಲದು, ರಾಷ್ಟ್ರೀಯ ಶೈಕ್ಷಣಿಕ ಠೇವಣಿ ಅಂದರೆ ನ್ಯಾಡ್‌ನಲ್ಲಿ ಇರಬೇಕು. ಅದನ್ನು ಅಲ್ಲಿ ಹಾಕಬೇಕಾದವರು ವಿಶ್ವವಿದ್ಯಾಲಯದವರು. ನಮ್ಮ ಜಿಲ್ಲೆಯ ಕಾಲೇಜುಗಳು ಬಹಳ ದಿನ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಕೆಳಗಿದ್ದವು, ಈಗ ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯವೇ ಇದೆ. ನಿನ್ನ ನೋಂದಣಿ ಸಂಖ್ಯೆ ಯಾವ ವಿಶ್ವವಿದ್ಯಾಲಯದ್ದು ನೋಡು. ಡಿಜಿಲಾಕರ್ ತೆರೆದಾಗ ಅಂಕಪಟ್ಟಿ ಕಾಣದಿದ್ದರೆ ಸೇವಾ ಸಿಂಧುವಿನಲ್ಲಿ ಗುದ್ದಾಡಿ ಪ್ರಯೋಜನ ಇಲ್ಲ. ಮೊದಲು ನಿನ್ನ ಕಾಲೇಜಿನ ಪ್ರಾಂಶುಪಾಲರಿಗೆ, ಅವರ ಮೂಲಕ ಪರೀಕ್ಷಾಂಗದ ಕುಲಸಚಿವರಿಗೆ ಅರ್ಜಿ ಕೊಡು.

ಎರಡನೆಯದು ಹೆಸರು. ನಮ್ಮ ಕಡೆ ಹೆಸರಿನ ಗೊಂದಲ ಕಡಿಮೆ ಏನಿಲ್ಲ. ಶಾಲೆಯಲ್ಲಿ ಮಾಸ್ತರರು ಒಂದು ಥರ ಬರಕೊಂಡಿರ್ತಾರೆ, ಆಧಾರ್ ತೆಗೆಯುವಾಗ ಇನ್ನೊಂದು ಥರ, ಬ್ಯಾಂಕಿನಲ್ಲಿ ಅಡ್ಡಹೆಸರು ಮುಂದೆ ಬಂದಿರ್ತದೆ. 'ಗವಿಸಿದ್ದಪ್ಪ' ಅನ್ನೋ ಒಂದು ಹೆಸರನ್ನೇ ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯೋಕೆ ಬರ್ತದೆ. ಮನುಷ್ಯರಾದರೆ ಇದು ಅವನೇ ಅಂತ ತಿಳಕೊಳ್ತಾರೆ, ಕಂಪ್ಯೂಟರ್ ತಿಳಕೊಳ್ಳೋದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲ ಅಂತ ಹಿಡಿ, ಉಳಿದದ್ದನ್ನು ಅದಕ್ಕೆ ಸರಿಮಾಡು. ಈ ತಿದ್ದುಪಡಿ ಯುವನಿಧಿಗೆ ಮಾತ್ರ ಅಲ್ಲ, ಮುಂದೆ ನೇಮಕಾತಿ ಆದೇಶ ಬಂದ ದಿನವೂ ನಿನ್ನನ್ನು ಕಾಯ್ತದೆ.

ಮೂರನೆಯದು ಮೂಲ ದಾಖಲೆಗಳ ಪರಿಶೀಲನೆ. ಉದ್ಯೋಗ ವಿನಿಮಯ ಕಚೇರಿಯಿಂದ ಕರೆ ಬಂದರೆ ಮೂಲ ಪ್ರತಿಗಳನ್ನು ಹಿಡಕೊಂಡು ಕೊಪ್ಪಳಕ್ಕೆ ಹೋಗಲೇಬೇಕು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇದ್ದವರು "ಆಮ್ಯಾಲ ಹೋದರಾತು" ಅಂತ ಬಿಟ್ಟಿರ್ತಾರೆ. ಮೊಬೈಲಿಗೆ ಬಂದ ಸಂದೇಶವನ್ನು ಕಂಪನಿ ಜಾಹೀರಾತು ಅಂತ ಅಳಿಸಿರ್ತಾರೆ. ನಮ್ಮ ಕಾಲದಲ್ಲಿ ಕೊಪ್ಪಳ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ವಿನಿಮಯ ಕಚೇರಿಯ ಕಾರ್ಡು ನವೀಕರಿಸಲು ರಾಯಚೂರಿನ ತನಕ ಓಡಾಡಬೇಕಿತ್ತು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು, ಕಚೇರಿ ಹತ್ತಿರ ಬಂತು. ಹತ್ತಿರ ಬಂದ ಕಚೇರಿಗೆ ಹೋಗೋಕೂ ಬೇಸರ ಪಟ್ಟುಕೊಂಡರೆ ಹೇಗೆ?

ನಾಲ್ಕನೆಯದು ಸ್ವಯಂ ಘೋಷಣೆ. "ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ನಾನು ಮುಂದೆ ಓದುತ್ತಿಲ್ಲ" ಅಂತ ನೀನೇ ಪೋರ್ಟಲ್‌ನಲ್ಲಿ ಹೇಳಬೇಕು. ಶುರುವಿನಲ್ಲಿ ಪ್ರತಿ ತಿಂಗಳು 25ನೇ ತಾರೀಖಿನೊಳಗೆ ಹೇಳಬೇಕಿತ್ತು, ಆಮೇಲೆ ಮೂರು ತಿಂಗಳಿಗೊಮ್ಮೆ ಅಂತ ಸಡಿಲ ಮಾಡಿದರು. ಘೋಷಣೆ ತಪ್ಪಿದರೆ ರೊಕ್ಕ ನಿಲ್ತದೆ. ಆ ಕಡೆಯಿಂದ ಯಾರೂ ಮನೆಗೆ ಬಂದು ಕೇಳೋದಿಲ್ಲ. ಮೊದಲ ಎರಡು ಕಂತು ಬಂದು ಆಮೇಲೆ ನಿಂತವರು ಎಲ್ಲಕ್ಕಿಂತ ಮುಂಚೆ ಇದನ್ನೇ ನೋಡಬೇಕು. ಇದಕ್ಕೆ ಒಟಿಪಿ ಬೇಕು, ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ನಂಬರ್ ರೀಚಾರ್ಜ್ ಇಲ್ಲದೆ ಸತ್ತಿದ್ದರೆ ಅಥವಾ ಅಪ್ಪನ ಜೇಬಿನಲ್ಲಿ ಹೊಲದಲ್ಲಿ ಇದ್ದರೆ 25ನೇ ತಾರೀಖು ಸಂಜೆ ಒದ್ದಾಡಬೇಕಾಗ್ತದೆ. ಘೋಷಣೆ ಕೊಡಬೇಕಾದ ತಿಂಗಳಿನ 5ನೇ ತಾರೀಖನ್ನೇ ನಿನ್ನ ಕೊನೆ ದಿನ ಅಂತ ಇಟ್ಟುಕೋ.

ಐದನೆಯದು ಬ್ಯಾಂಕು. ಇಲ್ಲಿ ಬಹಳ ಮಂದಿ ಎಡವ್ತಾರೆ. "ಬ್ಯಾಂಕಿಗೆ ಆಧಾರ್ ಝೆರಾಕ್ಸ್ ಕೊಟ್ಟೀನ್ರಿ" ಅಂತಾರೆ. ಝೆರಾಕ್ಸ್ ಕೊಡೋದು ಬೇರೆ, ನೇರ ವರ್ಗಾವಣೆಗೆ ಆಧಾರ್ ಸೀಡಿಂಗ್ ಆಗೋದು ಬೇರೆ. ರೊಕ್ಕ ಹೋಗುವುದು ನೀನು ಪಾಸ್‌ಬುಕ್ ತೋರಿಸಿದ ಖಾತೆಗೆ ಅಲ್ಲ, ರಾಷ್ಟ್ರೀಯ ಪಾವತಿ ನಿಗಮ ಅಂದರೆ ಎನ್‌ಪಿಸಿಐ ದಾಖಲೆಯಲ್ಲಿ ನಿನ್ನ ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಸೀಡ್ ಆಗಿದೆಯೋ ಆ ಖಾತೆಗೆ. ಸಿಮ್ ತಗೊಳ್ಳುವಾಗಲೋ, ಯಾರೋ ಹೇಳಿದರು ಅಂತ ಆ್ಯಪ್ ಹಾಕುವಾಗಲೋ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದು ಮರೆತಿದ್ದರೆ ರೊಕ್ಕ ಅಲ್ಲಿ ಕೂತಿರಬಹುದು. 2017ರಲ್ಲಿ ದೇಶದ ಲಕ್ಷಾಂತರ ಮಂದಿಯ ಗ್ಯಾಸ್ ಸಬ್ಸಿಡಿ ಹೀಗೇ ಅವರಿಗೆ ಗೊತ್ತಿಲ್ಲದಂತೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಖಾತೆಗಳಿಗೆ ಹೋಗಿ, ಕೊನೆಗೆ ಆಧಾರ್ ಪ್ರಾಧಿಕಾರ ಕ್ರಮ ತಗೊಳ್ಳಬೇಕಾಯಿತು. ಆ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಅಂತ ಇದೆ, ಐದು ನಿಮಿಷದ ಕೆಲಸ. ನಮ್ಮ ಭಾಗದ ಹಳ್ಳಿ ಬ್ಯಾಂಕಿನ ಕಥೆಯನ್ನೂ ನೆನಪಿಡಿ. ನಮ್ಮ ಪ್ರಾಯದಲ್ಲಿ ಅದು ತುಂಗಭದ್ರಾ ಗ್ರಾಮೀಣ ಬ್ಯಾಂಕ್, ಆಮೇಲೆ ಪ್ರಗತಿ, ಪ್ರಗತಿ ಕೃಷ್ಣಾ, 2019ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಂದಿಗೆ ಕೂಡಿಕೊಂಡಿತು. ಬ್ಯಾಂಕು ಕೂಡಿದಾಗಲೆಲ್ಲ ಹಳೆ ಪಾಸ್‌ಬುಕ್ಕಿನ ಮೇಲಿನ ವಿವರ ಈಗಲೂ ನಡೀತದೋ ಇಲ್ಲವೋ ಶಾಖೆಯಲ್ಲಿ ಒಮ್ಮೆ ಕೇಳೋದು ಒಳ್ಳೇದು. ವರ್ಷಗಟ್ಟಲೆ ವ್ಯವಹಾರ ಇಲ್ಲದೆ ಖಾತೆ ನಿಷ್ಕ್ರಿಯ ಆಗಿದ್ದರೆ ಕೆವೈಸಿ ಕೊಟ್ಟು ಜೀವ ಕೊಡಿಸು.

ಹಿಂದೆ ಕೆಲಸ ಮಾಡಿ ಬಿಟ್ಟವರಿಗೆ ಇನ್ನೊಂದು ಮಾತು. ಕಂಪನಿಯವರು ಪಿಎಫ್ ದಾಖಲೆಯಲ್ಲಿ ನೀನು ಬಿಟ್ಟ ದಿನಾಂಕ ಹಾಕದಿದ್ದರೆ ಕಾಗದದ ಲೆಕ್ಕದಲ್ಲಿ ನೀನು ಇನ್ನೂ ನೌಕರ. ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ಸದಸ್ಯನೇ ಪಿಎಫ್ ಪೋರ್ಟಲ್‌ನಲ್ಲಿ ಆ ದಿನಾಂಕ ದಾಖಲಿಸಬಹುದು. ಕಾರ್ಖಾನೆಯಲ್ಲಿ ಇಎಸ್‌ಐ ಕಟ್ಟಿ ದುಡಿದು ಕೆಲಸ ಕಳಕೊಂಡ ಅಣ್ಣಂದಿರ ದಾರಿಯೇ ಬೇರೆ. ಅವರಿಗೆ 2018ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ. 2020ರಲ್ಲಿ ಅದರ ಪರಿಹಾರವನ್ನು ಸರಾಸರಿ ದಿನಗೂಲಿಯ ಶೇ 25ರಿಂದ ಶೇ 50ಕ್ಕೆ ಏರಿಸಿದರು, ಹೆಚ್ಚೆಂದರೆ 90 ದಿನಕ್ಕೆ. ಅಣ್ಣನ ಅರ್ಜಿಯನ್ನು ಯುವನಿಧಿಯಲ್ಲಿ ಹುಡುಕಿದರೆ ಸಿಗೋದಿಲ್ಲ, ಇಎಸ್‌ಐ ಕಚೇರಿಯಲ್ಲಿ ಕೇಳಬೇಕು.

ಇಷ್ಟೆಲ್ಲ ಸರಿ ಇದ್ದೂ ಬಂದಿಲ್ಲವಾದರೆ ಮೇಲಿನಿಂದಲೇ ಬಿಟ್ಟಿಲ್ಲ ಅಂತ ಅರ್ಥ. ಅದನ್ನು ಪತ್ತೆ ಮಾಡುವ ದಾರಿ ಸುಲಭ. ನಿನ್ನ ಜೊತೆ ಅದೇ ವರ್ಷ, ಅದೇ ಪದವಿ ಪಾಸಾದ ನಾಲ್ಕು ಮಂದಿಯನ್ನು ವಿಚಾರಿಸು. ಯಾರಿಗೂ ಬಂದಿಲ್ಲ ಅಂದರೆ ತಡೆ ಖಜಾನೆಯಲ್ಲಿ, ಇಲಾಖೆಯಲ್ಲಿ. ಮೂವರಿಗೆ ಬಂದು ನಿನಗೊಬ್ಬನಿಗೆ ಬಂದಿಲ್ಲ ಅಂದರೆ ತಡೆ ನಿನ್ನ ಕಾಗದದಲ್ಲಿ. ಮೊದಲನೆಯದಕ್ಕೆ ಎಲ್ಲರೂ ಕೂಡಿ ಕೇಳಬೇಕು, ಎರಡನೆಯದಕ್ಕೆ ನೀನು ಒಬ್ಬನೇ ಓಡಾಡಬೇಕು. ಒಬ್ಬನ ಕಾಗದದ ತಪ್ಪಿಗೆ ಹತ್ತು ಮಂದಿ ಧರಣಿ ಕೂತರೂ ತಪ್ಪು ಹಾಗೇ ಇರ್ತದೆ. ಹತ್ತು ಮಂದಿಯ ಕಂತು ನಿಂತಾಗ ಒಬ್ಬನೇ ಹೋಗಿ ಕೇಳಿದರೆ "ಬರ್ತೈತಿ ಹೋಗು" ಅನ್ನೋ ಮಾತಿನಲ್ಲಿ ಮುಗೀತದೆ.

ಈಗ ಕೇಳುವ ಬಗೆ. ಕೌಂಟರಿನ ಆ ಕಡೆ ಕೂತಿದ್ದವನಾಗಿ ಹೇಳ್ತೇನೆ ಕೇಳು: ಬಾಯಿಮಾತಿನಲ್ಲಿ ಕೇಳಿದವನು ಹೊರಟು ಹೋದ ಮೇಲೆ ಕಚೇರಿಯಲ್ಲಿ ಅವನ ಗುರುತು ಉಳಿಯೋದಿಲ್ಲ. ಅರ್ಜಿ ಎರಡು ಪ್ರತಿ ಇರಲಿ. ಒಂದು ಅವರಿಗೆ, ಇನ್ನೊಂದರ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಂಡು ನಿನಗೆ. "ನಿನಗ ಬರೂದಿಲ್ಲ" ಅಂದರೆ ವಾದ ಮಾಡಬೇಡ, ಕೂಗಬೇಡ. "ಆಗಲಿ ಸರ್, ಹಾಗಂತ ಒಂದು ಹಿಂಬರಹ ಕೊಡ್ರಿ" ಅನ್ನು. ಈ ಹಿಂಬರಹ ಅನ್ನೋ ಕಾಗದದ ಬಲ ಬಹಳ ಮಂದಿಗೆ ಗೊತ್ತಿಲ್ಲ. ಬರೆದು ಕೊಡಬೇಕಾದರೆ ಅಧಿಕಾರಿ ಕಾರಣ ಹೇಳಬೇಕು, ಕಾರಣ ಹೇಳಬೇಕಾದರೆ ಕಡತ ತೆಗೆದು ನೋಡಬೇಕು. ಕಡತ ತೆಗೆದಾಗ ಎಷ್ಟೋ ಸಲ "ಅರೆ, ಇದು ಆಗ್ತದಲ್ಲ" ಅಂತ ಅಲ್ಲೇ ಕೆಲಸ ಆದದ್ದನ್ನು ನಾನು ಕಂಡಿದ್ದೇನೆ. ಆಗದೇ ಹೋದರೂ ಮೇಲಿನವರ ಮುಂದೆ ಇಡಲು ನಿನ್ನ ಕೈಯಲ್ಲಿ ಒಂದು ಕಾರಣ ಇರ್ತದೆ. ಬಾಯಿಮಾತಿನ 'ಇಲ್ಲ'ವನ್ನು ಯಾರ ಮುಂದೆ ಇಡ್ತೀ?

ಅಲ್ಲಿಗೂ ಆಗದಿದ್ದರೆ ಮೆಟ್ಟಿಲುಗಳಿವೆ. 1902ಕ್ಕೆ ಕರೆ ಮಾಡಿದರೆ ಜನಸ್ಪಂದನದಲ್ಲಿ ದೂರು ದಾಖಲಾಗಿ ಸಂಖ್ಯೆ ಸಿಗ್ತದೆ, ಆ ಸಂಖ್ಯೆ ಬರೆದಿಡು. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಯುವನಿಧಿಯಂಥ ಗ್ಯಾರಂಟಿ ಯೋಜನೆಗಳ ಅನುಷ್ಠಾನ ಸಮಿತಿಗಳಿವೆ, ಐವತ್ತು ಮಂದಿಯದು ಒಂದೇ ಸಮಸ್ಯೆ ಆದಾಗ ಅಲ್ಲಿಗೆ ಸಹಿ ಹಾಕಿದ ಒಂದು ಮನವಿ ಕೊಡಿ. ಕೊನೆಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ, ಬಾರದಿದ್ದರೆ ಮೇಲ್ಮನವಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು, 150 ಪದದೊಳಗೆ ಇರಬೇಕು. "ನನಗೆ ಅನ್ಯಾಯ ಆಗಿದೆ" ಅಂತ ಪುಟಗಟ್ಟಲೆ ಬರೆಯಬೇಡ. "ಇಂಥ ದಿನ ಸಲ್ಲಿಸಿದ, ಇಂಥ ಸಂಖ್ಯೆಯ ನನ್ನ ಅರ್ಜಿ ಇಂದು ಯಾವ ಹಂತದಲ್ಲಿದೆ, ಯಾರ ಬಳಿ ಇದೆ, ಪಾವತಿ ತಡೆಗೆ ದಾಖಲಾದ ಕಾರಣವೇನು?" ಇಷ್ಟು ಸಾಕು.

ತಾರೀಖು ಇರುವ ಕಾಗದದ ಬೆಲೆ ನಮ್ಮ ಊರುಗಳಿಗೆ ಗೊತ್ತಾದದ್ದು ಉದ್ಯೋಗ ಖಾತ್ರಿಯಿಂದ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಸ್ಪಷ್ಟ ಬರೆದಿತ್ತು: ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಮುಂದೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. ಕೂಲಿ ತಡವಾದರೆ ಹಾಜರಿ ಪಟ್ಟಿ (ಎನ್‌ಎಂಆರ್) ಮುಗಿದ 16ನೇ ದಿನದಿಂದ ದಿನಕ್ಕೆ ಶೇ 0.05 ಪರಿಹಾರ, ಸಾವಿರ ರೂಪಾಯಿಗೆ ದಿನಕ್ಕೆ 50 ಪೈಸೆ. ಆದರೆ ಈ ಭತ್ಯೆ ಕೇಳಬೇಕಾದರೆ ಕೆಲಸ ಕೇಳಿದ ದಿನಕ್ಕೆ ಪುರಾವೆ ಬೇಕಿತ್ತು. 'ನಮೂನೆ 6' ತುಂಬಿ ಪಂಚಾಯ್ತಿಯಿಂದ ದಿನಾಂಕದ ಸ್ವೀಕೃತಿ ಪಡೆದವರು ಮಾತ್ರ ಬಾಯಿ ತೆರೆಯಬಹುದಿತ್ತು. "ಹೋದ ತಿಂಗಳು ಕೇಳಿದ್ವಿ" ಅಂದವರಿಗೆ "ಯಾವಾಗ?" ಅನ್ನೋ ಒಂದೇ ಮಾತಿನ ಉತ್ತರ. ಯುವನಿಧಿ ಕಾಯ್ದೆಯಲ್ಲ, ಸರ್ಕಾರದ ಆದೇಶ. ತಡ ಆಯಿತು ಅಂತ ಪರಿಹಾರ ಕೇಳೋಕೆ ಅಂಥ ಕಲಮು ನಿನ್ನ ಕೈಯಲ್ಲಿ ಇಲ್ಲ. ಹಾಗಾಗಿ ಇಲ್ಲಿ ಕಾಗದ ಇನ್ನೂ ಗಟ್ಟಿ ಇರಬೇಕು.

ಇನ್ನು ಕೇಳಲಿಕ್ಕೆ ಸ್ವಲ್ಪ ಕಹಿ ಅನ್ನಿಸುವ ಮಾತು. ಒಬ್ಬ ಹುಡುಗ ಬಂದು ಕೇಳಿದ: "ಮೊಬೈಲ್ ಅಂಗಡಿಯಾಗ ಕೂಡ್ತೀನ್ರಿ. ಕೈಯಾಗ ಎಂಟು ಸಾವಿರ ಕೊಡ್ತಾರ. ಪಿಎಫ್ ಇಲ್ಲ, ಏನಿಲ್ಲ. ಯಾರಿಗೆ ಗೊತ್ತಾಗ್ತದ್ರಿ?" ಗೊತ್ತಾಗೋದೂ ಬಿಡೋದೂ ಆಮೇಲಿನ ಮಾತು. ಸುಳ್ಳು ಘೋಷಣೆ ಕೊಟ್ಟದ್ದು ಹೊರಬಿದ್ದರೆ ಪಡೆದ ರೊಕ್ಕ ವಾಪಸ್ ಕಟ್ಟಬೇಕು, ಕಾನೂನು ಕ್ರಮವೂ ಆಗಬಹುದು. ನಾಳೆ ಪೊಲೀಸ್ ಪೇದೆಯೋ ಗ್ರಾಮ ಆಡಳಿತಾಧಿಕಾರಿಯೋ ಆಗಿ ನೀನು ಆಯ್ಕೆಯಾದಾಗ ಪೂರ್ವಾಪರ ವಿಚಾರಣೆಗೆ ಬರ್ತಾರೆ. ತಿಂಗಳ ಮೂರು ಸಾವಿರಕ್ಕೆ ಬರೆದ ಒಂದು ಸಾಲು ಮೂವತ್ತು ವರ್ಷದ ನೌಕರಿಗೆ ಅಡ್ಡ ಬರೋದು ಬೇಡ. ಇನ್ನೂ ಒಂದಿದೆ. ಸುಳ್ಳು ಬರೆದವರು ಹೆಚ್ಚಾದಷ್ಟೂ ಪರಿಶೀಲನೆ ಬಿಗಿಯಾಗ್ತದೆ, ಬಿಗಿಯಾದಷ್ಟೂ ನಿಜವಾಗಿ ಕೆಲಸ ಇಲ್ಲದವನ ಕಂತು ತಡವಾಗ್ತದೆ. ನಿನ್ನ ಸುಳ್ಳಿನ ಬೆಲೆ ನಿನ್ನ ಬೆಂಚಿನಲ್ಲೇ ಕೂತು ಓದಿದವಳು ತೆರಬೇಕು.

ಅದರ ಎದುರು ಇನ್ನೊಂದು ತಪ್ಪಿದೆ, ಅದು ನಾಚಿಕೆ. "ಡಿಗ್ರಿ ಓದಿ ಸರ್ಕಾರದ ಮೂರು ಸಾವಿರಕ್ಕ ಕಾಯ್ತಾಳ" ಅಂತ ಯಾರೋ ಅಂದರು ಅಂತ ಅರ್ಜಿಯನ್ನೇ ಹಾಕದ ಹೆಣ್ಣುಮಕ್ಕಳು ನಮ್ಮ ಓಣಿಯಲ್ಲೇ ಇದ್ದಾರೆ. ತಂಗೀ, ಎರಡು ವರ್ಷಕ್ಕೆ ಅದು 72,000 ರೂಪಾಯಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಅರ್ಜಿ ಶುಲ್ಕ, ಕಲಬುರಗಿಗೋ ಬೆಂಗಳೂರಿಗೋ ಪರೀಕ್ಷೆ ಬರೆಯಲು ಹೋಗಿ ಬರುವ ಖರ್ಚು, ಇದಕ್ಕೆಲ್ಲ ಅಣ್ಣನ ಮುಂದೆ ಕೈಚಾಚದೆ ನಿಲ್ಲುವ ಶಕ್ತಿ ಅದರಲ್ಲಿದೆ. ಭಿಕ್ಷೆ ಅಂತ ತಿಳಿದವರು ನಾಚ್ತಾರೆ, ಲೂಟಿ ಅಂತ ತಿಳಿದವರು ಸುಳ್ಳು ಹೇಳ್ತಾರೆ. ಹಕ್ಕು ಅಂತ ತಿಳಿದವರಿಗೆ ಎರಡರ ಹಂಗೂ ಇಲ್ಲ, ನಿಯಮ ಓದಿ ನೆಟ್ಟಗೆ ಕೇಳ್ತಾರೆ. ಈ ಮೂರನೆಯವರಾಗಿ ಅಂತ ಹೇಳಲಿಕ್ಕೇ ನಾನು ಇಷ್ಟು ದೂರ ಬಂದದ್ದು.

ಬಾರದ ರೊಕ್ಕದ ಮೇಲೆ ಬದುಕು ಕಟ್ಟಬೇಡಿ ಅನ್ನೋದೂ ಇದರ ಜೊತೆಗೇ ಬರ್ತದೆ. ಕಂತು ಬರ್ತದೆ ಅಂತ ನಂಬಿ ಸಂಘದ ಸಾಲ ತೆಗೆದವರ ಮನೆಯಲ್ಲಿ ಕಂತು ತಡವಾದರೂ ಸಾಲದವರು ತಡ ಮಾಡೋದಿಲ್ಲ. ಬಂದ ಮೇಲೆ ಖರ್ಚಿನ ಲೆಕ್ಕ ಬರೆ, ಬರುವ ಮುಂಚೆ ಬರೀಬೇಡ. "ಕಮಿಷನ್ ಕೊಟ್ಟರ ಜಲ್ದಿ ಹಾಕಸ್ತೀನಿ" ಅನ್ನುವವನಿಗೆ ಒಟಿಪಿ ಹೇಳಬೇಡ. ಅರ್ಜಿ ಉಚಿತ, ಜಲ್ದಿ ಹಾಕಿಸುವ ಅಧಿಕಾರ ಅವನಿಗೆ ಯಾರೂ ಕೊಟ್ಟಿಲ್ಲ.

ಕಾಯುವ ದಿನಗಳನ್ನು ಖಾಲಿ ಬಿಡಬೇಡ. ಕೊಪ್ಪಳದ ಮಕ್ಕಳಿಗೆ ಮೂರು ಸಾವಿರಕ್ಕಿಂತ ದೊಡ್ಡ ಆಸ್ತಿ ಒಂದಿದೆ, ಸಂವಿಧಾನದ 371(ಜೆ) ವಿಧಿ. 2013ರಲ್ಲಿ ಜಾರಿಗೆ ಬಂದ ಆ ವ್ಯವಸ್ಥೆಯಲ್ಲಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಸಿ ಶೇ 80, ಗ್ರೂಪ್ ಡಿ ಶೇ 85 ನಮ್ಮವರಿಗೇ ಮೀಸಲು. ಅದರ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ ಕಚೇರಿ. ಅಧಿಸೂಚನೆ ಬಂದ ಮೇಲೆ ಅರ್ಜಿ ಹಾಕಿ ಕೊನೆ ದಿನ ಅಳುವವರನ್ನು ಪ್ರತಿ ವರ್ಷ ನೋಡ್ತೇನೆ. ಇವತ್ತೇ ಮಾಡಿಸಿಡು. ಜೊತೆಗೆ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ನೋಡು, ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲಿ ಹೆಸರು ಬರೆಸು. ಭಾನಾಪುರದ ಆಟಿಕೆ ಕಾರ್ಖಾನೆ ಇರಲಿ, ಬೇವಿನಹಳ್ಳಿಯ ಕಿರ್ಲೋಸ್ಕರ್ ಇರಲಿ, ಕೆಲಸ ಕರೆದರೆ ಯುವನಿಧಿ ಹೋಗ್ತದೆ ಅಂತ ಹಿಂಜರಿಯಬೇಡ. ಹನ್ನೆರಡು ಸಾವಿರದ ಕೆಲಸವನ್ನು ಮೂರು ಸಾವಿರದ ಭತ್ಯೆಗಾಗಿ ಬಿಟ್ಟವನನ್ನು ಜಾಣ ಅಂತ ಯಾರೂ ಅನ್ನೋದಿಲ್ಲ. ಕೆಲಸ ಸಿಕ್ಕ ದಿನವೇ ಪೋರ್ಟಲ್‌ನಲ್ಲಿ ತಿಳಿಸಿ ಭತ್ಯೆಗೆ ಕೈಮುಗಿದು ಬಿಡು. ಅಲ್ಲಿಗೆ ಆ ಯೋಜನೆ ತನ್ನ ಕೆಲಸ ಮಾಡಿ ಮುಗಿಸಿದ ಹಾಗೆ.

ಕೊನೆಗೆ ಒಂದು ಕೆಲಸ ಹಚ್ಚಿ ನಿಲ್ಲಿಸ್ತೇನೆ. ಹತ್ತು ರೂಪಾಯಿಯ ಒಂದು ರಟ್ಟಿನ ಫೈಲು ತಗೋ. ಅರ್ಜಿಯ ಪ್ರತಿ, ಸ್ವೀಕೃತಿ, ಘೋಷಣೆ ಕೊಟ್ಟ ದಿನಾಂಕಗಳು, ಬ್ಯಾಂಕಿನ ಸೀಡಿಂಗ್ ಸ್ಥಿತಿ, 1902ರ ದೂರು ಸಂಖ್ಯೆ, ಹಿಂಬರಹ, ಎಲ್ಲ ತಾರೀಖಿನ ಪ್ರಕಾರ ಜೋಡಿಸಿಡು. ಯಾವ ಕಚೇರಿಯಲ್ಲಿ ಯಾವ ಕೋಣೆ, ಯಾವ ದಿನ ಸಾಹೇಬರು ಸಿಗ್ತಾರೆ, ಯಾವ ಕಾಗದ ಮರೆತು ಹೋಗಿ ವಾಪಸ್ ಬಂದಿ, ಅದನ್ನೂ ಒಂದು ಹಾಳೆಯಲ್ಲಿ ಬರೆ. ನಿನ್ನ ರೊಕ್ಕ ಬಂದ ಮೇಲೆ ಆ ಫೈಲನ್ನು ಅಟ್ಟಕ್ಕೆ ಎಸೆಯಬೇಡ. ಮುಂದಿನ ವರ್ಷ ಯಲಬುರ್ಗಾ ಕಾಲೇಜಿನಿಂದ, ಕುಕನೂರಿನಿಂದ, ಕುಷ್ಟಗಿಯಿಂದ ಪಾಸಾಗಿ ಬರುವ ಹುಡುಗ ಹುಡುಗಿಯರು "ಬಂದಿಲ್ಲ" ಅಂತ ನಿನ್ನ ಬಾಗಿಲಿಗೆ ಬರ್ತಾರೆ. ಅವರನ್ನು ಕೂರಿಸಿ ಅದನ್ನು ತೆರೆದು ತೋರಿಸು. ಒಬ್ಬರು ಓಡಾಡಿ ಕಲಿತದ್ದನ್ನು ಊರು ಉಳಿಸಿಕೊಂಡರೆ ಮುಂದಿನವರ ಓಡಾಟ ಅಷ್ಟು ಕಡಿಮೆ ಆಗ್ತದೆ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ, ನೀವು ಮನಸ್ಸು ಮಾಡಿದರೆ ಸಾಕು.